ಉದ್ಘಾಟನಾ ಹಸ್ತ

ಕಥೆಯನ್ನು ಒಂದು ಗಾದೆಯಿಂದ ಶುರು ಮಾಡಬೇಕೆಂದು ನನಗೂ ಆಸೆ. ಆದರೆ ನಾನು ಒಂದು ಗಾದೆಯ ತಲೆಗೆ ಇನ್ನೊಂದರ ಬಾಲ ಅಂಟಿಸಿಬಿಡುತ್ತೇನೆಂದು ನಮ್ಮ ನೀಲತ್ತೆ ನನ್ನ ಬಾಯಿಗೆ ಗಾದೆಗಳನ್ನು ನಿಷೇಧಿಸಿ ಮೂರು ವರ್ಷವಾಯಿತು. ಆದ್ದರಿಂದ ಗಾದೆಯ ಹಂಗಿಲ್ಲದೆ, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಒಂದಕ್ಷರ ಸುಳ್ಳಿಲ್ಲ. ನಂಬದವರು ನಮ್ಮೂರಿಗೆ ಬಂದು ಯಾವ ಮನೆಯ ಬಾಗಿಲನ್ನಾದರೂ ತಿರುಗಿಸಿ ನೋಡಬಹುದು. ತೆರೆಯುವುದಿಲ್ಲ. ಅದಕ್ಕಿಂತ ಸಾಕ್ಷಿ ಬೇಕೆ?

ನಮ್ಮೂರಲ್ಲಿ ಬೀಗವೂ ಇಲ್ಲ, ಬೀಗದ ಕೈಯೂ ಇಲ್ಲ. ಕೈಯೇ ಬೀಗದ ಕೈ. ಪ್ರತಿ ಬಾಗಿಲಿಗೂ ಒಂದು ಹಿತ್ತಾಳೆಯ ಹಿಡಿ ಇರುತ್ತದೆ. ಮನೆಯ ಯಜಮಾನರೋ ಯಜಮಾನಿಯೋ, ಯಾರಾದರೂ ಒಬ್ಬರ ಮಣಿಕಟ್ಟಿನ ತಿರುವನ್ನು ಬಾಗಿಲು ಬಲ್ಲದು. ಅವರು ತಿರುಗಿಸಿದರೆ ತೆರೆಯುತ್ತದೆ, ಬೇರೆ ಯಾರು ತಿರುಗಿಸಿದರೂ ಕದ ಕದಲುವುದಿಲ್ಲ. ಒಳಗಿದ್ದವರು ಯಾರು ಬೇಕಾದರೂ ತೆಗೆಯಬಹುದು, ತೊಂದರೆಯೆಲ್ಲ ಹೊರಗಿದ್ದವರಿಗೆ. ಹೆಂಚು ತೆಗೆದು ಇಳಿಯುವುದನ್ನು ನಮ್ಮಲ್ಲಿ ಕಳ್ಳರೂ ಮರ್ಯಾದೆಗೇಡೆಂದು ಭಾವಿಸುತ್ತಾರೆ.

ಯಜಮಾನರ ಕೈಗೆ ವಯಸ್ಸಾದರೆ, ಪೆಟ್ಟಾದರೆ, ಬಾಗಿಲಿಗೆ ಇನ್ನೊಂದು ಕೈಯನ್ನು ಪರಿಚಯ ಮಾಡಿಸಬೇಕು. ಅದಕ್ಕೆ ಕೈ ಸೇರಿಸುವುದು ಅನ್ನುತ್ತಾರೆ. ಬಾಗಿಲ ಕಚೇರಿಯ ಅಮಲ್ದಾರರು ಬಂದು, ಒಂದು ಕೈಯಲ್ಲಿ ಹಿಡಿಯನ್ನೂ ಇನ್ನೊಂದರಲ್ಲಿ ಹೊಸಬರ ಮಣಿಕಟ್ಟನ್ನೂ ಹಿಡಿದುಕೊಂಡು ನಿಲ್ಲುತ್ತಾರೆ. ಮನೆಯವರು ಅವರನ್ನು ಮೂರು ಸಲ ಕೇಳಬೇಕು: "ಸೇರಿಸುವ ಕೈ ಗಟ್ಟಿಯೇ?" ಅವರು ಮೂರು ಸಲವೂ "ಗಟ್ಟಿ" ಅನ್ನಬೇಕು. ಆಮೇಲೆ ತಿರುಗಿಸಿದರೆ ಬಾಗಿಲು ಹೊಸ ಕೈಯನ್ನು ಒಪ್ಪಿಕೊಳ್ಳುತ್ತದೆ. ನಮ್ಮ ಅಮಲ್ದಾರರಾದ ಕಪನಯ್ಯನವರು ಇಪ್ಪತ್ತೆರಡು ವರ್ಷಗಳಿಂದ ಹೀಗೆ "ಗಟ್ಟಿ, ಗಟ್ಟಿ, ಗಟ್ಟಿ" ಅಂದುಕೊಂಡು ಬಂದವರು. ಕೊನೆಕೊನೆಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದುಬಿಡುತ್ತಿತ್ತು.

ಪೆಟ್ಟಿಲ್ಲದ ಕೈಗೂ ಬಾಗಿಲು ತೆರೆಯದಿದ್ದರೆ ಅದು ಬೇರೆ ವಿಷಯ. ಬಾಗಿಲು ಮುನಿದಿದೆ ಎಂದರ್ಥ. ಮುನಿದ ಬಾಗಿಲಿಗೆ ನಲವತ್ತು ದಿನದ ಗಡುವು. ಅಷ್ಟರಲ್ಲಿ ರಾಜಿಯಾಗದಿದ್ದರೆ ಆ ಮನೆ, ಮನೆಗಾಗಿ ಕಾಯುತ್ತಿರುವವರ ಕಚೇರಿ ಪಟ್ಟಿಯಲ್ಲಿ ಮೊದಲು ಹೆಸರಿದ್ದವರಿಗೆ ಹೋಗುತ್ತದೆ.

ಈಗ ನೀಲತ್ತೆಗೆ ಬರೋಣ. ನೀಲಾಂಬಿಕೆ ನನ್ನ ಅಪ್ಪನ ತಂಗಿ. ಬಸ್ ಸ್ಟ್ಯಾಂಡ್ ಪಕ್ಕದ ಚಪ್ಪರದಲ್ಲಿ ಮೆಸ್ ನಡೆಸುತ್ತಾರೆ. ಬಿ.ಎ. ಮುಗಿಸಿದ ನಾನು ಅಲ್ಲಿ ಬಡಿಸುವುದು, ಬೋರ್ಡಿನ ಮೇಲೆ ಇಂದಿನ ಪಲ್ಯ ಬರೆಯುವುದು, ಊಟಕ್ಕೆ ಬಂದವರಿಗೆ ಊರಿನವರ ಧ್ವನಿಯನ್ನೆಲ್ಲ ಮಾಡಿ ತೋರಿಸುವುದು, ಈ ಮೂರು ಕೆಲಸ ಮಾಡುತ್ತೇನೆ. ಮೂರನೆಯದಕ್ಕೆ ಜನ ಹೆಚ್ಚು. ಅದರಲ್ಲೂ ಕಪನಯ್ಯನವರ ಧ್ವನಿಗೆ. ಅವರು ಮೂಗಿನಿಂದ ಮಾತು ಶುರು ಮಾಡಿ, ಗಂಟಲಲ್ಲಿ ಒಂದು ಸುತ್ತು ಹಾಕಿಸಿ, "ತಿಳೀತಾ?" ಎಂದು ಮುಗಿಸುತ್ತಾರೆ. ನಾನು ಅದನ್ನು ಮಾಡಿದಾಗಲೆಲ್ಲ ಒಬ್ಬರಲ್ಲ ಒಬ್ಬರಿಗೆ ಮಜ್ಜಿಗೆ ನೆತ್ತಿಗೇರುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಸಾರಿನ ಪಾತ್ರೆ ಇಳಿಸಿ ತಿರುಗುವಾಗ ಒದ್ದೆ ಕಲ್ಲಿನ ಮೇಲೆ ಜಾರಿದರು. ಬಲಗೈ ಊರಿ ಬಿದ್ದರು. ಸಾರು ಉಳಿಯಿತು. ಕೈ ಊದಿತು. ಸಂಜೆ ಮನೆಗೆ ಹೋಗಿ ಹಿಡಿಯನ್ನು ತಿರುಗಿಸಿದರೆ, ಅರ್ಧ ತಿರುವಿಗೆ ಕಿರುಬೆರಳ ಕಡೆಯ ಮಣಿಕಟ್ಟಿನಲ್ಲಿ ಛಳಕ್ಕೆಂದಿತು. ಕೈ ನಿಂತಿತು. ಬಾಗಿಲೂ ನಿಂತಿತು. ಅಷ್ಟು ವರ್ಷ ಊರಿಗೆಲ್ಲ ಕೈಯಾರೆ ಬಡಿಸಿದ ಅತ್ತೆಗೆ ಕೈಯೇ ಕೈ ಕೊಟ್ಟಿತು.

"ಲೋ ರುದ್ರಿ, ನೀನು ಎಲ್ಲರ ಥರ ಮಾಡ್ತೀಯಲ್ಲ, ನನ್ನ ಕೈ ಥರ ಮಾಡಿ ತಿರುಗ್ಸು ನೋಡೋಣ," ಎಂದರು ಅತ್ತೆ.

ನಾನು ಅವರ ನಡಿಗೆ ನಡೆದು, ಅವರ ಧ್ವನಿಯಲ್ಲಿ "ಅಯ್ಯೋ ಮಂಡಿ" ಎಂದು ಗೊಣಗಿ, ಸೆರಗಿಲ್ಲದ ಸೊಂಟಕ್ಕೆ ಸೆರಗು ಸಿಕ್ಕಿಸಿ ತಿರುಗಿಸಿದೆ. ಬಾಗಿಲು ನಗಲಿಲ್ಲ, ತೆರೆಯಲೂ ಇಲ್ಲ. ಒಳಗೆ ಅತ್ತೆಯ ಹನ್ನೊಂದು ಸೀರೆ, ನನ್ನ ಡಿಗ್ರಿ ಸರ್ಟಿಫಿಕೇಟು, ಆಗತಾನೇ ಹಾಕಿಟ್ಟಿದ್ದ, ದಿನಕ್ಕೊಮ್ಮೆ ಕೈಯಾಡಿಸಲೇಬೇಕಾದ ಎರಡು ಜಾಡಿ ನಿಂಬೆ ಉಪ್ಪಿನಕಾಯಿ. ನಾವಿಬ್ಬರೂ ಮೆಸ್ಸಿನ ಬೆಂಚುಗಳ ಮೇಲೆ ಮಲಗತೊಡಗಿದೆವು. ಅತ್ತೆಗೆ ಸೀರೆಯ ಚಿಂತೆ ಇರಲಿಲ್ಲ. "ಮೇಲಿನ ಪದರ ಒಣಗಿರತ್ತೆ ಕಣೋ," ಎಂದು ದಿನಾ ಬೆಳಿಗ್ಗೆ ಎದ್ದೊಡನೆ ಹೇಳುತ್ತಿದ್ದರು.

ಹಿಂದಿನ ಕಾಲವಾಗಿದ್ದರೆ ಕಪನಯ್ಯನವರು ಬಂದು ಮಣಿಕಟ್ಟನ್ನು ಒತ್ತಿ, "ನೋವಾ?" ಎಂದು ಕೇಳಿ, ಮುಖ ನೋಡಿ, ಪೆಟ್ಟೋ ಮುನಿಸೋ ತೀರ್ಮಾನಿಸುತ್ತಿದ್ದರು. ಆದರೆ ಒತ್ತುವವರ ಕೈಯಲ್ಲಿ ನ್ಯಾಯ ಇದ್ದರೆ ದೂರು ತಪ್ಪೀತೇ? ನೆಂಟರಿಗೆ ಕಣ್ಣೀರು ಬರುವಂತೆ ಒತ್ತಿ ಪೆಟ್ಟು ಅನ್ನುತ್ತಾರೆ, ಆಗದವರಿಗೆ ಮೆಲ್ಲಗೆ ಸವರಿ ಮುನಿಸು ಅನ್ನುತ್ತಾರೆ ಎಂದು ಜನ ಆಡಿಕೊಂಡರು. ಪ್ರಾಮಾಣಿಕ ಮನುಷ್ಯ, ಅವರಿಗೆ ಅದು ಚುಚ್ಚಿತು. ಅಂದಿನಿಂದ ಅರ್ಜಿಗಳಲ್ಲಿ ಹೆಸರು ಓದುವುದನ್ನೇ ಬಿಟ್ಟರು. "ಹೆಸರು ನೋಡಿದ್ರೆ ದಾಕ್ಷಿಣ್ಯ ಬರತ್ತೆ. ನಂಗೆ ನಂಬರ್ ಸಾಕು. ತಿಳೀತಾ?" ಎನ್ನುತ್ತಿದ್ದರು. ಅಷ್ಟರಲ್ಲಿ ಊರಿನ ಆಸ್ಪತ್ರೆಗೆ ಎಂಆರ್‌ಐ ಯಂತ್ರ ಬಂತು. ಕಪನಯ್ಯನವರಿಗೆ ದೇವರೇ ಬಂದಂತಾಯಿತು. ಇನ್ನು ಮೇಲೆ ಮಣಿಕಟ್ಟಿನ ನಾರು ಹರಿದಿದೆ ಎಂದು ಯಂತ್ರ ಹೇಳಿದರೆ ಪೆಟ್ಟು, ಇಲ್ಲವೆಂದರೆ ಮುನಿಸು. ಯಂತ್ರಕ್ಕೆ ನೆಂಟರಿಲ್ಲ.

ಆ ಯಂತ್ರದ ಉದ್ಘಾಟನೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಟೇಪು ಕತ್ತರಿಸುವುದೆಂದು ಮೊದಲು ನಿಶ್ಚಯವಾಗಿತ್ತು. ಆದರೆ ಕತ್ತರಿಯನ್ನು ಆ ಕೋಣೆಯೊಳಗೆ ತಂದರೆ ಯಂತ್ರ ಕಿತ್ತುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಕತ್ತರಿಯಿಲ್ಲದೆ ಉದ್ಘಾಟನೆ ಹೇಗೆ? ಕೈಯಿಂದಲೇ ಎಲ್ಲ ತೆರೆಯುವ ಊರು ನಮ್ಮದು. ಹೀಗಾಗಿ ಅಮಲ್ದಾರರ ಬಲಗೈಯನ್ನು ಯಂತ್ರದೊಳಗಿಟ್ಟು ಚಿತ್ರ ತೆಗೆದದ್ದೇ ಉದ್ಘಾಟನೆಯಾಯಿತು. ಹೊರಗೆ ವಾಲಗ, ಒಳಗೆ ಯಂತ್ರದ ಡಗಡಗ. ಅರ್ಧ ಗಂಟೆ ಅಲ್ಲಾಡದೆ ಮಲಗಿದ್ದ ಕಪನಯ್ಯನವರು ಹೊರಬಂದು ಸಭೆಗೆ ಕೈಮುಗಿದರು. ಆ ಫಿಲ್ಮಿಗೆ ಚೌಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ, ಕೆಳಗೆ "ಉದ್ಘಾಟನಾ ಹಸ್ತ" ಎಂದು ಹಿತ್ತಾಳೆ ಫಲಕ ಹೊಡೆಸಿ ಸ್ಕ್ಯಾನ್ ಕೋಣೆಯ ಎದುರಿನ ಗೋಡೆಗೆ ತೂಗುಹಾಕಿದರು. ಬಂದವರೆಲ್ಲ ಮೆಚ್ಚಿದರು. ಕೆಲವರು ಕೈ ಮುಗಿದರು.

ಒಂಬತ್ತನೆಯ ದಿನ ಅತ್ತೆಯ ಸ್ಕ್ಯಾನ್ ಆಯಿತು. ವರದಿ ಬರೆದವರು ಡಾಕ್ಟರ್ ಶಮೀನಾ. ಹೊರಗಿನಿಂದ ಬಂದವರು, ಅವರ ಕ್ವಾರ್ಟರ್ಸಿಗೆ ಮಾತ್ರ ಊರಲ್ಲಿ ಬೀಗ. ಬೀಗದ ಕೈ ಕಳೆದುಕೊಂಡು ವಾರಕ್ಕೊಮ್ಮೆ ಹೊರಗೆ ನಿಲ್ಲುತ್ತಿದ್ದುದರಿಂದ ಅವರಿಗೆ ನಮ್ಮ ಮೇಲೆ ಕನಿಕರವಿತ್ತು. ವರದಿಯ ಮೊದಲ ಸಾಲು: ನಾರು ಹರಿದಿರುವುದು ಕಾಣುವುದಿಲ್ಲ. ಎರಡನೆಯ ಸಾಲು: ನೋವು ಉಳಿದರೆ ಕ್ಯಾಮೆರಾ ಇಳಿಸಿ ನೋಡುವುದು ಒಳ್ಳೆಯದು.

ಕಪನಯ್ಯನವರು ಮೊದಲ ಸಾಲು ಓದಿದರು. ಕನ್ನಡಕ ತೆಗೆದರು. "ನಂಬರ್ ನೂರಾ ಹದಿನಾಲ್ಕು. ಹರಿದಿಲ್ಲ. ಮುನಿಸು."

"ಇನ್ನೊಂದು ಸಾಲಿದೆ ಸಾರ್," ಎಂದೆ.

"ಅದು ಸಲಹೆ ಕಣಪ್ಪ. ಮೊದಲನೇದು ಸತ್ಯ. ಅಷ್ಟು ದೊಡ್ಡ ಮೆಷಿನ್ನು ಸುಳ್ಳು ಹೇಳತ್ತಾ? ತಿಳೀತಾ?"

ಹೀಗೆ, ಹರಿದಿಲ್ಲವಾದ್ದರಿಂದ ಸಮಸ್ಯೆ ಬಗೆಹರಿಯಲಿಲ್ಲ. ಪಟ್ಟಿಯಲ್ಲಿ ಮೊದಲಿದ್ದವರು ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ನಮ್ಮ ಮೆಸ್ಸಿಗೇ ಊಟಕ್ಕೆ ಬರುತ್ತಿದ್ದರು. ಒಳ್ಳೆಯ ಜನ. ಹುಡುಗಿ ಹುಳಿಗೆ ಕೈ ಚಾಚುತ್ತಾ, "ಬೇಜಾರು ಮಾಡ್ಕೋಬೇಡಿ ನೀಲತ್ತೆ, ಅಡುಗೆಮನೆ ಕಿಟಕಿ ಎಷ್ಟುದ್ದ ಇದೆ? ಪರದೆಗೆ," ಎಂದು ಕೇಳಿದಳು. ಅತ್ತೆ ಎಡಗೈಯ ಗೇಣಿನಲ್ಲಿ ಗಾಳಿಯನ್ನು ಅಳೆದು ತೋರಿಸಿದರು. ಆಮೇಲೆ ಒಲೆಯ ಹಿಂದೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ. ಹೊಗೆ ಜಾಸ್ತಿ ಅಂದರು. ಒಲೆ ಆರಿತ್ತು.

ನಾನು ಡಾಕ್ಟರ್ ಶಮೀನಾ ಹತ್ತಿರ ಹೋದೆ. ಅಂದು ಮೂವತ್ತನಾಲ್ಕನೆಯ ದಿನ.

"ಮೇಡಂ, ನಿಮ್ಮ ಮೆಷಿನ್ ನಮ್ಮತ್ತೇನ ಮನೆಯಿಂದ ಹೊರಗೆ ಹಾಕ್ತಿದೆ."

"ನಾನೇನು ಮಾಡ್ಲಿ ರುದ್ರೇಶ್? ನಿಮ್ಮ ಅಮಲ್ದಾರರಿಗೆ ಹತ್ತು ಸಲ ಹೇಳಿದೀನಿ. ಕಿರುಬೆರಳ ಕಡೆ ಮೂಳೆಗಳ ಮಧ್ಯೆ ಒಂದು ಸಣ್ಣ ಮೆತ್ತೆ ಇರತ್ತೆ. ಹತ್ತು ಜನಕ್ಕೆ ಅದು ನಿಜವಾಗ್ಲೂ ಹರಿದಿದೆ ಅಂದ್ಕೊಳ್ಳಿ. ಇದು ಏಳೆಂಟು ಜನದ್ದು ಹಿಡಿಯತ್ತೆ. ಅದರ ಪಕ್ಕ ಎರಡು ಪುಟ್ಟ ಮೂಳೆನ ಕಟ್ಟಿರೋ ನಾರಿದೆ, ಅದು ಹರಿದ್ರೆ ಅರ್ಧಕ್ಕರ್ಧ ತಪ್ಪಿಸ್ಕೊಳತ್ತೆ. ಮೂಳೆ ತುದಿಗೆ ಸವರಿರೋ ಮೃದ್ವಸ್ಥಿ ಅಂತೂ ಹಾಲಿನ ಕೆನೆ ಇದ್ದಂಗೆ, ಅಲ್ಲಿ ಸಣ್ಣ ಗೀರು ಬಿದ್ರೆ ಕಾಣೋದು ಅದೃಷ್ಟ."

"ಮತ್ತೆ ಖಾತ್ರಿ ಹೆಂಗೆ?"

"ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಒಳಗೆ ನೋಡ್ಬೇಕು. ಹೊಳೆ ಆಚೆ ದೊಡ್ಡಾಸ್ಪತ್ರೇಲಿ ಮಾಡ್ತಾರೆ. ದಿನ ಕೇಳಿದೀನಿ, ಎರಡು ತಿಂಗಳಾಗತ್ತಂತೆ."

ನಮಗಿದ್ದದ್ದು ಆರು ದಿನ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಎದುರಿಗೆ ಉದ್ಘಾಟನಾ ಹಸ್ತ. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಅದನ್ನೇ ನೋಡಿದೆ. ಕಪ್ಪು ಹಾಳೆಯ ಮೇಲೆ ಸಾಲು ಸಾಲಾಗಿ ಇಪ್ಪತ್ತು ಪುಟ್ಟ ಚಿತ್ರ, ಒಂದೇ ಕೈಯನ್ನು ಬ್ರೆಡ್ಡಿನಂತೆ ಹೋಳು ಮಾಡಿದ ಹಾಗೆ. ಎಲ್ಲದರಲ್ಲೂ ಬೂದುಬಣ್ಣದ ಮೂಳೆಗಳು ಕಾಳು ಕಟ್ಟಿದ ಹಾಗೆ ಕೂತಿದ್ದವು. ಮೂರನೆಯ ಸಾಲಿನಲ್ಲಿ, ಕಿರುಬೆರಳ ಕಡೆ, ಒಂದು ಬಿಳಿ ಗೆರೆ. ಯಾರೋ ಸುಣ್ಣದ ಕಡ್ಡಿಯಲ್ಲಿ ಗೀಚಿದ ಹಾಗಿತ್ತು.

"ಮೇಡಂ, ಇದೇನು ಬಿಳೀದು?"

ಡಾಕ್ಟರ್ ಶಮೀನಾ ಸ್ಟೂಲು ಹತ್ತಿ, ಗಂಧದ ಹಾರವನ್ನು ಪಕ್ಕಕ್ಕೆ ಸರಿಸಿ ನೋಡಿದರು. ಸ್ಟೂಲಿನಿಂದ ತಕ್ಷಣ ಇಳಿಯಲಿಲ್ಲ.

"ಇದನ್ನ ಯಾರು ಓದಿದ್ದು?"

"ಓದೋದಾ? ಕೈ ಮುಗಿದಿದ್ದಷ್ಟೇ."

"ಅವತ್ತು ವಾಲಗದ ಗಲಾಟೇಲಿ ನಾನೂ ಓದ್ಲಿಲ್ಲ. ಮೆತ್ತೆ ಹರಿದಿದೆ. ಚೆನ್ನಾಗೇ ಹರಿದಿದೆ."

"ಆದ್ರೆ ಕಪನಯ್ಯನವರು ದಿನಾ ಬೆಳಿಗ್ಗೆ ಸಂಜೆ ಬಾಗಿಲು ತಿರುಗಿಸ್ತಾರೆ. ಬೆಣ್ಣೆ ಥರ ತೆಗೆಯತ್ತೆ."

"ತೆಗೆಯತ್ತೆ. ಐವತ್ತು ದಾಟಿದ ಎಷ್ಟೋ ಜನದ ಕೈಯಲ್ಲಿ ಇಂಥ ಗೆರೆ ಇರತ್ತೆ, ನೋವೇ ಇರಲ್ಲ. ಜೀವನಪೂರ್ತಿ ಗೊತ್ತಾಗೋದೂ ಇಲ್ಲ," ಎಂದು ಅವರು ಕೆಳಗಿಳಿದು, ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, "ಬೇಡ ರುದ್ರೇಶ್," ಎಂದರು.

"ನಾನೇನೂ ಅಂದಿಲ್ವಲ್ಲ."

"ನಾನು ವರದಿ ಬರೀತೀನಿ. ಗೋಡೆ ಮೇಲೆ ಊರಿಗೆಲ್ಲ ಕಾಣೋ ಹಂಗೆ ಇಟ್ಟಿರೋದು, ಓದಿದ್ರೆ ತಪ್ಪೇನಿಲ್ಲ. ಇವತ್ತಲ್ಲ ನಾಳೆ ನಾನೇ ಅವರಿಗೆ ಹೇಳ್ಬೇಕಾಗಿತ್ತು. ಆದ್ರೆ ಯಾರದ್ದು ಅಂತ ಅವರು ಕೇಳಿದ್ರೆ ನಾನು ಸುಳ್ಳು ಹೇಳಲ್ಲ."

"ಅವರು ಕೇಳಲ್ಲ ಮೇಡಂ," ಎಂದೆ. "ಕೇಳಿದ್ರೆ ದಾಕ್ಷಿಣ್ಯ ಬರತ್ತೆ."

ಮೂವತ್ತೆಂಟನೆಯ ದಿನ ಕಚೇರಿಯಲ್ಲಿ ವಿಚಾರಣೆ. ಬಾಗಿಲ ಕಚೇರಿಗೆ ಬಾಗಿಲಿಲ್ಲ, ಪಕ್ಷಪಾತವಾಗಬಾರದೆಂದು. ಅರ್ಧ ಊರು ಸೇರಿತ್ತು. ಅತ್ತೆ ಕೈಗೆ ಬಟ್ಟೆ ಸುತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಡಾಕ್ಟರ್ ಶಮೀನಾ ಅವರ ಪಕ್ಕದಲ್ಲಿ. ಅತ್ತೆಗೆ ನನ್ನ ಉಪಾಯ ಗೊತ್ತಿರಲಿಲ್ಲ. ಅವರು ಜಾಡಿಗಳನ್ನಾದರೂ ಕೊಡಿಸಿ ಎಂದು ಕೇಳಿಕೊಳ್ಳಲು ಬಂದಿದ್ದರು.

ನಾನು ಎದ್ದು ಮೊದಲು, ಡಾಕ್ಟರ ಹೊಸ ವರದಿಯನ್ನೂ ಫಿಲ್ಮನ್ನೂ ಲಗತ್ತಿಸಿದ ಇನ್ನೊಂದು ಅರ್ಜಿಯನ್ನು ಕೊಟ್ಟೆ. "ಸಾರ್, ಇದು ಊರಿನ ಹಿರಿಯರೊಬ್ಬರ ಸ್ಕ್ಯಾನ್. ತಾವು ಹೇಗೆ ಹೇಳಿದ್ರೆ ಹಾಗೆ."

ಕಪನಯ್ಯನವರು ಹೆಸರಿನ ಜಾಗಕ್ಕೆ ಎಂದಿನಂತೆ ಹೆಬ್ಬೆರಳು ಅಡ್ಡ ಇಟ್ಟುಕೊಂಡರು. ಅವರು ಅಷ್ಟು ನಿಯತ್ತಿನವರು. ವರದಿ ಓದಿದರು. ಫಿಲ್ಮನ್ನು ಬೆಳಕಿಗೆ ಹಿಡಿದು, ಬಿಳಿ ಗೆರೆಯ ಮೇಲೆ ಪೆನ್ನಿನ ತುದಿ ಇಟ್ಟು ಸಭೆಗೆ ತೋರಿಸಿದರು.

"ನೋಡಿ. ಇಲ್ಲಿ ಹರಿದಿದೆ. ಮೆಷಿನ್ನು ಅಂದ್ರೆ ಇದು. ಪಾಪ, ಈ ಮನುಷ್ಯ ಎಷ್ಟು ನೋವು ತಿಂತಿದಾರೋ."

"ನೋವಿಲ್ಲ ಅಂತಾರೆ ಸಾರ್. ಬಾಗಿಲೂ ತೆಗೆಯತ್ತೆ ಅಂತಾರೆ."

"ಅಂತಾರೆ. ಜನ ಏನು ಬೇಕಾದ್ರೂ ಅಂತಾರೆ. ಹರಿದ ಕೈಗೆ ಬಾಗಿಲು ಹೆಂಗಪ್ಪ ತೆಗೆಯತ್ತೆ? ಒಳಗಿಂದ ಹೆಂಡ್ತಿ ತೆಗೀತಿರ್ತಾರೆ, ಇವರು ತಾನು ತಿರುಗಿಸಿದೆ ಅಂದ್ಕೊಂಡಿರ್ತಾರೆ. ಗಂಡಸರ ಬುದ್ಧಿ." ಸಭೆ ನಕ್ಕಿತು. ಅವರಿಗೂ ಹುರುಪು ಬಂತು. ಗುಮಾಸ್ತರಿಗೆ ಬರೆಸಿದರು: ಈ ಮಣಿಕಟ್ಟಿನ ಯಜಮಾನರು ಇಂದಿನಿಂದ ತಮ್ಮ ಬಾಗಿಲಿನ ಹಿಡಿಯನ್ನು ಮುಟ್ಟತಕ್ಕದ್ದಲ್ಲ. ಬೇರೊಂದು ಕೈ ಸೇರಿಸಿಕೊಳ್ಳತಕ್ಕದ್ದು. ಸಹಿ ಹಾಕಿದರು. ಮೊಹರು ಒತ್ತಿದರು. "ಯಾವ ನಂಬರ್?"

ಗುಮಾಸ್ತರು ಕಾಗದ ನೋಡಿದರು. "ಒಂದು, ಸಾರ್."

"ನೂರಾ ಒಂದಾ?"

"ಬರೀ ಒಂದು."

ನಾನು ಕೈಚೀಲದಿಂದ ಖಾಲಿ ಚೌಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟೆ. ಗಂಧದ ಹಾರ ಅದಕ್ಕೇ ಜೋತುಬಿದ್ದಿತ್ತು. ಹಿತ್ತಾಳೆ ಫಲಕ ಬೆಳಕಿಗೆ ಹೊಳೆಯಿತು. ಸಭೆಯಲ್ಲಿ ಮೊದಲು ಒಂದು ಕೆಮ್ಮು, ಆಮೇಲೆ ಒಂದು ಗುಸುಗುಸು, ಆಮೇಲೆ ಮೆಸ್ಸಿನಲ್ಲಿ ಮಜ್ಜಿಗೆ ನೆತ್ತಿಗೇರಿದಂಥ ಸದ್ದು.

ಕಪನಯ್ಯನವರು ನಗಲಿಲ್ಲ. ಕೋಪಿಸಿಕೊಳ್ಳಲೂ ಇಲ್ಲ. ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು, ಯಾರೋ ಮರೆತುಹೋದ ಛತ್ರಿಯನ್ನು ನೋಡುವಂತೆ ನೋಡಿದರು. ನಂತರ ಡಾಕ್ಟರ ಕಡೆ ತಿರುಗಿದರು. "ಹೌದಾ?"

"ಹೌದು ಸಾರ್. ಆದ್ರೆ ನೋವಿಲ್ಲದಿದ್ರೆ ಚಿಂತೆ ಮಾಡೋ ಅಗತ್ಯ ಇಲ್ಲ, ಅದನ್ನೇ ನಾನು..."

"ಸಹಿ ಆಗಿದೆ," ಎಂದು ಅವರು ಎದ್ದರು. "ಆದೇಶ ಅಂದ್ರೆ ಆದೇಶ." ಆದೇಶದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮನೆ ಕಡೆ ನಡೆದರು. ಸಭೆ ಮುಗಿಯಿತೋ ಇಲ್ಲವೋ ತಿಳಿಯದೆ ನಾವು ಹಿಂದೆ ಹೋದೆವು. ನಾನು ಖಾಲಿ ಚೌಕಟ್ಟನ್ನು ಮತ್ತೆ ಚೀಲಕ್ಕೆ ತುರುಕಿಕೊಂಡಿದ್ದೆ. ಅತ್ತೆ ನನ್ನ ಪಕ್ಕದಲ್ಲೇ ನಡೆಯುತ್ತಾ, ತುಟಿ ಅಲ್ಲಾಡಿಸದೆ, "ಮನೆಗೆ ಹೋದ್ಮೇಲೆ ನಿಂಗಿದೆ," ಎಂದರು. ಮನೆ ಎಲ್ಲಿತ್ತು?

ಅವರ ಮನೆ ಮುಂದೆ ಹೋಗುವ ಹೊತ್ತಿಗೆ ಅವರ ಹೆಂಡತಿ ಪುಟ್ಟಗೌರಮ್ಮನವರು ಚೀಲ ಹಿಡಿದು ಹೊರಗೆ ಬರುತ್ತಿದ್ದರು. ತಂಗಿಯ ಮನೆಗೆ ಹೊರಟಿದ್ದರು. ಬಾಗಿಲು ಎಳೆಯಲು ಕೈ ಹಾಕಿದ್ದರು.

"ಎಳೀಬೇಡ ಗೌರಿ," ಎಂದರು ಕಪನಯ್ಯನವರು. "ನಾನು ಹಿಡಿ ಮುಟ್ಟೋ ಹಂಗಿಲ್ಲ."

"ಯಾಕೆ, ಯಾರು ಹೇಳಿದ್ದು?"

"ನಾನೇ."

ಪುಟ್ಟಗೌರಮ್ಮನವರು ಗಂಡನ ಮುಖ ನೋಡಿದರು. ಹಿಂದೆ ನಿಂತಿದ್ದ ಅರ್ಧ ಊರನ್ನು ನೋಡಿದರು. ಅತ್ತೆಯ ಬಟ್ಟೆ ಸುತ್ತಿದ ಕೈಯ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. "ಹಂಗಾದ್ರೆ ನಿಮ್ಮನ್ನೇ ಕೇಳ್ಕೊಂಡು ತೆಗೆಸ್ಕೊಳ್ಳಿ. ನಾನು ಬರೋದು ಮೂರು ದಿನ," ಎಂದು ಬಾಗಿಲನ್ನು ಎಳೆದುಕೊಂಡು, ಮೆಟ್ಟಿಲಿಳಿದು ಹೊರಟೇಹೋದರು. ಬಾಗಿಲು ಮುಚ್ಚಿಕೊಂಡ ಸದ್ದು ಮೆತ್ತಗಿತ್ತು. ಆದರೆ ಎಲ್ಲರಿಗೂ ಕೇಳಿಸಿತು.

ಕಪನಯ್ಯನವರು ಮೆಟ್ಟಿಲ ಮೇಲೆ ಕುಳಿತರು. ಜನ ಒಬ್ಬೊಬ್ಬರೇ ಕರಗಿದರು. ಉಳಿದವರು ನಾನು, ಡಾಕ್ಟರು, ಅತ್ತೆ. ಅತ್ತೆ ಅಲ್ಲೇ ಪಕ್ಕದ ಮೆಟ್ಟಿಲ ಮೇಲೆ ಕೂತು, ಎಡಗೈಯಲ್ಲಿ ತಮ್ಮ ಚೀಲದಿಂದ ಡಬ್ಬಿ ತೆಗೆದು ಅವರ ಮುಂದೆ ಸರಿಸಿದರು. ಉಪ್ಪಿಟ್ಟು.

"ತಿನ್ನಿ ಸಾಹೇಬ್ರೆ. ಹೊರಗೆ ಇರೋರಿಗೆ ಹೊಟ್ಟೆ ಬೇಗ ಹಸಿಯತ್ತೆ. ನಂಗೆ ಮೂವತ್ತೆಂಟು ದಿನದ ಅನುಭವ."

ಅವರು ಎರಡು ತುತ್ತು ತಿಂದರು. ಬಲಗೈಯಲ್ಲೇ, ಆದರೆ ಗಾಜಿನ ಕೈಯೇನೋ ಎನ್ನುವಂತೆ. ಬೆಳಿಗ್ಗೆ ತೆಂಗಿನಕಾಯಿ ಒಡೆದ ಕೈ ಅದು. "ಅಮ್ಮಾ," ಎಂದರು, "ನಿಮಗೆ ನೋವು ಎಲ್ಲಿ?"

ಈ ಮೂವತ್ತೆಂಟು ದಿನದಲ್ಲಿ ಕಚೇರಿಯ ಕಡೆಯಿಂದ ಅದನ್ನು ಕೇಳಿದ್ದು ಅದೇ ಮೊದಲು. ಅತ್ತೆ ಬಟ್ಟೆ ಬಿಚ್ಚಿ ತೋರಿಸಿದರು. "ಇಲ್ಲಿ, ಈ ಗುಳಿ ಹತ್ರ. ಸುಮ್ನಿದ್ರೆ ಏನಿಲ್ಲ. ಬಟ್ಟೆ ಹಿಂಡೋವಾಗ, ಬಾಗಿಲು ತಿರುಗಿಸೋವಾಗ ಜೀವ ಹೋಗತ್ತೆ."

ಅವರು ತಮ್ಮ ಕೈಯ ಅದೇ ಗುಳಿಯನ್ನು ಒತ್ತಿಕೊಂಡರು. ಮತ್ತೆ ಒತ್ತಿದರು. ತಿರುಗಿಸಿ ಒತ್ತಿದರು. "ನಂಗೆ ಏನೂ ಇಲ್ಲ."

"ನೋಡಿ ಮತ್ತೆ."

"ನಿಮಗೆ ನೋವಿದೆ, ಹರಿದಿಲ್ಲ. ನಂಗೆ ಹರಿದಿದೆ, ನೋವಿಲ್ಲ," ಎಂದು ಅವರು ಲೆಕ್ಕ ತಪ್ಪಿದ ಮೇಷ್ಟರಂತೆ ಗೊಣಗಿದರು. "ಇದು ಯಾವ ನ್ಯಾಯ ಡಾಕ್ಟ್ರೇ?"

"ಮೆಷಿನ್ ತಪ್ಪಲ್ಲ ಸಾರ್. ಅದು ಒಳ್ಳೆ ಸಾಕ್ಷಿ. ಸಾಕ್ಷೀನ ನೀವು ಜಡ್ಜ್ ಮಾಡಿದ್ರಿ."

ಕಪನಯ್ಯನವರು ಜೇಬಿನಿಂದ ಆದೇಶ ತೆಗೆದು ನನ್ನ ಕೈಗೆ ಕೊಟ್ಟರು. "ನೀನು ಮೆಸ್ಸಲ್ಲಿ ನನ್ನ ಧ್ವನಿ ಮಾಡ್ತೀಯಂತೆ."

"ಯಾರು ಸಾರ್ ಹೇಳಿದ್ದು?"

"ಊರೆಲ್ಲ ಹೇಳತ್ತೆ. ಓದು. ನನ್ನ ಧ್ವನೀಲಿ."

ಮೂಗಿನಿಂದ ಶುರು ಮಾಡಿದೆ. ಗಂಟಲಲ್ಲಿ ಒಂದು ಸುತ್ತು ಹಾಕಿಸಿದೆ. ಈ ಮಣಿಕಟ್ಟಿನ ಯಜಮಾನರು ಇಂದಿನಿಂದ ತಮ್ಮ ಬಾಗಿಲಿನ ಹಿಡಿಯನ್ನು ಮುಟ್ಟತಕ್ಕದ್ದಲ್ಲ. "ಹರಿದ ಕೈಗೆ ಬಾಗಿಲು ಹೆಂಗಪ್ಪ ತೆಗೆಯತ್ತೆ? ಒಳಗಿಂದ ಹೆಂಡ್ತಿ ತೆಗೀತಿರ್ತಾರೆ," ಎಂದೂ ಸೇರಿಸಿದೆ. ಅದು ಆದೇಶದಲ್ಲಿರಲಿಲ್ಲ, ಆದರೆ ಧ್ವನಿ ಒಮ್ಮೆ ಹತ್ತಿದರೆ ನನಗೆ ಇಳಿಯುವುದು ಕಷ್ಟ. "ತಿಳೀತಾ?"

"ನಾನು ಹಿಂಗೇ ಮಾತಾಡ್ತೀನಾ?" ಎಂದು ಅವರು ಅತ್ತೆಯನ್ನು ಕೇಳಿದರು.

"ಇವನು ಸ್ವಲ್ಪ ಮೆತ್ತಗೆ ಮಾಡ್ತಾನೆ," ಎಂದರು ಅತ್ತೆ.

ಅವರು ಎದ್ದರು. ಬಾಗಿಲ ಮುಂದೆ ನಿಂತರು. ಹಿಡಿಯ ಮೇಲೆ ಬಲಗೈ ಇಟ್ಟು, ತೆಗೆದು, ಪಂಚೆಗೆ ಒರೆಸಿಕೊಂಡು ಮತ್ತೆ ಇಟ್ಟರು. ಇಷ್ಟು ವರ್ಷ ಯೋಚಿಸದೆ ಮಾಡಿದ್ದನ್ನು ಈಗ ಯೋಚಿಸಿ ಮಾಡಬೇಕಾಗಿತ್ತು. ಅರ್ಧ ತಿರುವಿಗೆ ಕೈ ನಿಂತಿತು. ಬಾಗಿಲು ಅಲ್ಲಾಡಲಿಲ್ಲ. ಅವರ ಕತ್ತಿನ ಹಿಂಭಾಗದಲ್ಲಿ ಬೆವರು ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ. ಚೇಷ್ಟೆ ಮಾಡಿ ಒಬ್ಬ ಮನುಷ್ಯನನ್ನು ಅವನ ಮನೆಯಿಂದಲೇ ಹೊರಗೆ ಹಾಕಿದೆನೇ?

"ಫೋಟೋ ಮರೆತು ತಿರುಗ್ಸಿ ಸಾಹೇಬ್ರೆ," ಎಂದರು ಅತ್ತೆ, ಡಬ್ಬಿಯ ಮುಚ್ಚಳ ಹಾಕುತ್ತಾ. "ಹಸಿವಾಗಿದೆ, ಒಳಗೆ ಊಟ ಇದೆ ಅಂದ್ಕೊಂಡು ತಿರುಗ್ಸಿ."

ಬಾಗಿಲು ಬೆಣ್ಣೆಯಂತೆ ತೆರೆಯಿತು.

ಕಪನಯ್ಯನವರು ಹೊಸ್ತಿಲು ದಾಟಲಿಲ್ಲ. ತೆರೆದ ಬಾಗಿಲನ್ನು ನೋಡುತ್ತಾ ನಿಂತು, ಹಿಂದೆ ಕೈ ಚಾಚಿ, ನನ್ನಿಂದ ಆದೇಶ ತೆಗೆದುಕೊಂಡು ಎರಡು ತುಂಡು ಮಾಡಿದರು. ಇಡೀ ಪ್ರಕರಣದಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಹರಿದದ್ದು ಅದೊಂದೇ. "ನಡೀರಿ," ಎಂದರು.

ನಾವು ಅತ್ತೆಯ ಮನೆಗೆ ಹೋದೆವು. ಕರಗಿದ್ದ ಜನ ಹೇಗೋ ಮತ್ತೆ ಹೆಪ್ಪುಗಟ್ಟಿದರು. ಪಟ್ಟಿಯ ಹೊಸ ದಂಪತಿ ಕೂಡ ಬಂದರು. ಹುಡುಗಿಯ ಕೈಯಲ್ಲಿ ಪರದೆಯ ಬಟ್ಟೆ ಇತ್ತು, ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. (ಎರಡು ತಿಂಗಳ ಮೇಲೆ ಹೊಳೆಯಾಚೆ ಅತ್ತೆಯ ಮಣಿಕಟ್ಟಿಗೆ ಕ್ಯಾಮೆರಾ ಬಿಟ್ಟು ನೋಡಿದರು. ಮೆತ್ತೆಯ ಅಂಚು ಹರಿದಿತ್ತು, ಯಂತ್ರದ ಕಣ್ಣಿಗೆ ತಪ್ಪಿದ ಜಾಗದಲ್ಲಿ. ಅದನ್ನು ಸರಿಮಾಡಿದರು. ಆ ದಂಪತಿಗೆ ಬೇರೆ ಮನೆ ಸಿಕ್ಕಿತು, ಕಿಟಕಿ ಇನ್ನೂ ದೊಡ್ಡದು. ಆದರೆ ಅಂದು ಇದ್ಯಾವುದೂ ಯಾರಿಗೂ ಗೊತ್ತಿರಲಿಲ್ಲ. ನೋವು ಎಲ್ಲಿ ಎಂದು ಕೇಳಿ ತಿಳಿದದ್ದಷ್ಟೇ ಗೊತ್ತಿದ್ದದ್ದು.)

ಕಪನಯ್ಯನವರು ಎಡಗೈಯಲ್ಲಿ ನನ್ನ ಮಣಿಕಟ್ಟನ್ನು ಹಿಡಿದರು. ಉದ್ಘಾಟನಾ ಹಸ್ತವನ್ನು ಅತ್ತೆಯ ಬಾಗಿಲ ಹಿಡಿಯ ಮೇಲಿಟ್ಟರು. ಅತ್ತೆ ಸೆರಗು ಹೊದ್ದು, ಮುಖವನ್ನು ಎಷ್ಟು ಗಂಭೀರ ಮಾಡಿಕೊಂಡರೆಂದರೆ, ನನ್ನ ಚೇಷ್ಟೆ ಯಾವ ಕಡೆಯ ರಕ್ತದಿಂದ ಬಂದದ್ದೆಂದು ನನಗೆ ಆಗ ಗೊತ್ತಾಯಿತು.

"ಸೇರಿಸುವ ಕೈ," ಎಂದು ನಿಲ್ಲಿಸಿ, ಆ ಕೈಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಗಟ್ಟಿಯೇ?" ಎಂದರು.

ಕಪನಯ್ಯನವರು ಎಂದಿನಂತೆ ಬಾಯಿ ತೆರೆದರು. "ಗ" ಎಂಬಲ್ಲಿಗೆ ನಿಂತರು. ಡಾಕ್ಟರ ಕಡೆ ನೋಡಿದರು. ಡಾಕ್ಟರು ಆಕಾಶ ನೋಡಿದರು.

"ಸೇರಿಸುವ ಕೈ ಗಟ್ಟಿಯೇ?" ಎಂದರು ಅತ್ತೆ ಎರಡನೆಯ ಸಲ, ಇನ್ನೂ ವಿನಯವಾಗಿ.

"ಮೊದಲನೇ ಸಾಲಿನ ಪ್ರಕಾರ ಇಲ್ಲ," ಎಂದರು ಕಪನಯ್ಯನವರು. ಅವರ ಧ್ವನಿ ಮೂಗಿನಿಂದ ಹೊರಟು ಗಂಟಲಲ್ಲಿ ಸುತ್ತು ಹಾಕುವಾಗ ಎಲ್ಲೋ ಎಡವಿತು. ಭುಜ ಅಲುಗಿತು. ಅವರು ಹಿಡಿದಿದ್ದ ನನ್ನ ಮಣಿಕಟ್ಟಿಗೂ ಆ ನಡುಕ ಬಂತು, ನನ್ನಿಂದ ಬಾಗಿಲಿಗೂ ಹೋಯಿತು. "ಎರಡನೇ ಸಾಲಿನ ಪ್ರಕಾರ..." ಎಂದವರು ಮುಗಿಸಲಾಗದೆ ಹಣೆಯನ್ನು ಬಾಗಿಲಿಗೆ ಒರಗಿಸಿದರು.

ಜನ ನಗತೊಡಗಿದರು. ಹೊಸ ಹುಡುಗಿ ಪರದೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆ ಮಾತ್ರ ನಗದೆ, ವಿಧಿ ಅಂದರೆ ವಿಧಿ ಎನ್ನುವಂತೆ, ಮೂರನೆಯ ಸಲ ಕೇಳಿದರು. "ಗಟ್ಟಿ, ಗಟ್ಟಿ, ಗಟ್ಟಿ," ಎಂದು ಕಪನಯ್ಯನವರು ಬಾಕಿ ಎರಡನ್ನೂ ಸೇರಿಸಿ ತೀರಿಸಿದರು, ಕಣ್ಣೀರು ಒರೆಸಿಕೊಳ್ಳಲು ಕೈ ಸಾಲದೆ. ಹಿಡಿ ನಮ್ಮ ಕೈಯಡಿ ತಿರುಗಿತು, ಕದ ಕದಲಿತು, ಒಳಗಿನಿಂದ ಮೂವತ್ತೆಂಟು ದಿನದ ನಿಂಬೆಕಾಯಿಯ ಹುಳಿ ವಾಸನೆ ಬೀದಿಗೆ ನುಗ್ಗಿತು. ಅತ್ತೆ ಜಾಡಿಗಳ ಕಡೆ ಓಡಿದರು. ನಾವೆಲ್ಲ ನಕ್ಕು ಸುಸ್ತಾಗಿ ಸುಮ್ಮನಾದ ಮೇಲೂ, ಹೊಸ್ತಿಲ ಮೇಲೆ ಕುಸಿದು ಕೂತು, ತಮ್ಮ ಹರಿದ ಕೈಯನ್ನು ತೊಡೆಗೆ ಬಡಿಬಡಿದುಕೊಂಡು, ಬೀದಿಯ ಆ ತುದಿಗೆ ಕೇಳುವಂತೆ ಕಪನಯ್ಯನವರು ನಗುತ್ತಲೇ ಇದ್ದರು.